ಹಿತ್ತಲ ಬಾಗಿಲಿಲ್ಲದ ಭಾಷಣ

ಮೊಬೈಲು ಇನ್ನೂ ಅಪ್ಪಂದಿರ ಅಂಗಿಯ ಜೇಬಿನಲ್ಲಷ್ಟೇ ಇದ್ದ ಕಾಲ ಅದು. ಭೀಮರಾಯನಗುಡಿಯ ಕ್ಯಾಂಪಿನಲ್ಲಿ ನಮ್ಮ ಮನೆಗಳಿಗೆ ಹೆಸರಿರಲಿಲ್ಲ, ನಂಬರಿದ್ದವು. ನೀರಾವರಿಯವರ ಆ ಕ್ವಾರ್ಟರ್ಸುಗಳು ಜೋಡಿ ಜೋಡಿಯಾಗಿ, ನಡುವಿನ ಒಂದೇ ಗೋಡೆಯನ್ನು ಹಂಚಿಕೊಂಡು ನಿಂತಿದ್ದವು. ನಮ್ಮ ಮನೆಯಲ್ಲಿ ಬಲಕ್ಕಿದ್ದದ್ದು ಪಕ್ಕದ ಮನೆಯಲ್ಲಿ ಎಡಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ. ಊರಿಂದ ಬಂದ ನೆಂಟರು ನಮ್ಮ ಮನೆಯೆಂದು ಪಕ್ಕದ ಮನೆ ಹೊಕ್ಕು, ಬಚ್ಚಲು ಹುಡುಕುತ್ತ ಹೋಗಿ ಅಡುಗೆಮನೆಯಲ್ಲಿ ನಿಲ್ಲುತ್ತಿದ್ದರು. ಅದನ್ನು ನೋಡಿ ಬಿದ್ದು ಬಿದ್ದು ನಗುವುದು ನನಗೂ ಮಹಾದೇವಿಗೂ ದೊಡ್ಡ ಆಟವಾಗಿತ್ತು.

ಮಹಾದೇವಿ ಪಕ್ಕದ ಮನೆಯವಳು, ನನ್ನ ಕ್ಲಾಸಿನವಳು. ಅವಳಪ್ಪ ಕಾಲುವೆಯ ಗೇಟು ನೋಡಿಕೊಳ್ಳುತ್ತಿದ್ದರು. ಶಾಲೆಯಲ್ಲಿ ಭಾಷಣ ಎಂದರೆ ಅವಳೇ. ನಾನು ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುವವಳು. ಯಾರಾದರೂ ಮಾತಿನಲ್ಲಿ ತಪ್ಪಿದರೆ ನಾಲಿಗೆಯಿಂದ ಲೊಚಗುಟ್ಟುವುದು ಅವಳ ಚಾಳಿ. ಆ ಬೇಸಿಗೆಯಲ್ಲಿ ಕಾಮಣಿಯಾಗಿ, ಕಣ್ಣು ಹಳದಿಯಾಗಿ ಮಲಗಿದವಳು ಮತ್ತೆ ಏಳಲಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಅವಳಪ್ಪ ಬೇರೆ ಕ್ಯಾಂಪಿಗೆ ವರ್ಗ ಮಾಡಿಸಿಕೊಂಡು ಹೋದರು. ಆ ಮನೆಯ ಬೀಗದ ಕೈ ನಮ್ಮ ಮನೆಯ ಮೊಳೆಗೆ ಬಂತು.

"ಹೊಸಬ್ರು ಬರೋತನಕ ಆ ಮನಿ ಕತ್ತಲಿರಬಾರ್ದು. ಸಂಜೀಕ ಹೋಗಿ ಲೈಟ್ ಹಾಕಿ ಬಾ," ಎಂದಳು ಅವ್ವ.

"ನನಗ ಅಂಜಿಕಿ ಬರ್ತದವ್ವ."

"ಇದ್ದಾಗ ಅಕಿ ನಿನಗೇನರ ಮಾಡ್ಯಾಳೇನು? ಈಗ್ಯಾಕ ಮಾಡ್ತಾಳ? ಹೋಗು."

ಅದೇ ಹೊತ್ತಿಗೆ ಶಹಾಪುರದಲ್ಲಿ ಭಾಷಣ ಸ್ಪರ್ಧೆ ಬಂತು. ವಿಷಯ, ನಮ್ಮ ಕಾಲುವೆ. ಚೀಟಿ ನೋಡುವಂತಿಲ್ಲ. ಮಹಾದೇವಿಯ ಜಾಗದಲ್ಲಿ ಅಕ್ಕೋರು, ಅಂದರೆ ನಮ್ಮ ಕನ್ನಡದ ಟೀಚರು, ನನ್ನ ಹೆಸರು ಕೊಟ್ಟುಬಿಟ್ಟರು. ಕಾಲುವೆ ತಾಯಿ, ಕಾಲುವೆ ದೇವರು ಎಂದೆಲ್ಲ ಬಾಯಿಪಾಠ ಮಾಡಿ ಒಪ್ಪಿಸಿದೆ.

"ಹೊಗಳಿಕಿ ಸಾಕು. ಕೇಳಿದವ್ರಿಗೆ ಏನು ತಿಳೀತು?" ಎಂದರು ಅಕ್ಕೋರು. "ನೋಡು, ಭಾಷಣ ಅಂದ್ರ ಮನಿ ಇದ್ದಂಗ. ಬಾಗಿಲದಾಗ ನಿಂತು, ಒಳಗ ಏನೇನದ ಅಂತ ಮೊದ್ಲ ಹೇಳು. ಆಮ್ಯಾಲ ಒಂದೊಂದ ಖೋಲಿಗೆ ಕರ್ಕೊಂಡು ಹೋಗು. ಒಂದು ಖೋಲ್ಯಾಗ ಒಂದ ಮಾತು. ಖೋಲಿ ಬಿಡೋ ಮುಂದ, ಅಲ್ಲಿಂದ ಎಲ್ಲಿಗಿ ಹೊಂಟೀವಿ ಅಂತ ಹೇಳಬೇಕು. ಕಡೀಕ ಹಿತ್ತಲ ಬಾಗಿಲಿಂದ ಹೊರಗ ಬಂದುಬಿಡು. ಬಂದಮ್ಯಾಲ ತಿರುಗಿ ಒಳಗ ಹೋಗಬಾರ್ದು."

"ಯಾವ ಮನಿ ತಗೋಬೇಕ್ರಿ ಅಕ್ಕೋರ?"

"ಖಾಲಿ ಇದ್ದದ್ದು ತಗೋ. ಸಾಮಾನು ಇದ್ರ ಮನಸ್ಸು ಅತ್ತಿತ್ತ ಹರೀತದ."

ನನಗೆ ಗೊತ್ತಿದ್ದ ಖಾಲಿ ಮನೆ ಒಂದೇ.

ಸಂಜೆ ಲೈಟು ಹಾಕಲು ಹೋದಾಗ ಅಲ್ಲೇ ನಿಂತು ಮಾತು ಜೋಡಿಸತೊಡಗಿದೆ. ಮೊದಮೊದಲು ಹೊಲದ ವಿಷಯವನ್ನು ಪಡಸಾಲೆಯಲ್ಲಿಟ್ಟೆ. ಅಲ್ಲಿ ನಿಂತರೆ ಒಂದು ಮಾತೂ ಹೊರಡಲಿಲ್ಲ. ಬಾಯಿ ತೆರೆದಾಗಲೆಲ್ಲ ಅಡುಗೆಮನೆಯ ಕಡೆಯಿಂದ ಲೊಚಗುಟ್ಟಿದ ಸದ್ದು. ಹಲ್ಲಿಯೇ ಇರಬಹುದು. ಆದರೆ ನೀರು ಎಲ್ಲಿಂದ ಬರುತ್ತದೆಂದು ಹೇಳದೆ ಹೊಲಕ್ಕೆ ಹಾರಬಾರದು ಎಂಬುದು ಹಲ್ಲಿಗೆ ಹೇಗೆ ಗೊತ್ತು? ಪಡಸಾಲೆಯಲ್ಲಿ ಕೃಷ್ಣೆ ಮತ್ತು ಅಣೆಕಟ್ಟು ಇಟ್ಟೆ, ಸದ್ದು ನಿಂತಿತು. ನಡುಮನೆಯಲ್ಲಿ ದೊಡ್ಡ ಕಾಲುವೆ, ಅದರಿಂದ ಒಡೆಯುವ ಸಣ್ಣ ಕಾಲುವೆ, ಗೇಟು. ಅಡುಗೆಮನೆಯಲ್ಲಿ ಜೋಳ ಹೋಗಿ ಭತ್ತ ಬಂದ ಹೊಲ. ಆ ಮಾತುಗಳು ತಾವಾಗಿಯೇ ಬಂದವು. ಮನೆಯವರು ಹೋಗಿ ತಿಂಗಳಾಗಿದ್ದರೂ ಅಲ್ಲಿ ಆಗತಾನೇ ಕುಟ್ಟಿದ ಶೇಂಗಾ ಚಟ್ನಿಯ ವಾಸನೆಯಿತ್ತು.

ಅಂಜಿಕೆ ಎಲ್ಲಿ ಹೋಯಿತೋ. ಸಂಜೆಯಾಗುವುದನ್ನೇ ಕಾಯತೊಡಗಿದೆ. ನಾನು ನಡುಮನೆಯಲ್ಲಿದ್ದಾಗ ಯಾರೋ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಕೇಳುತ್ತಿರುವಂತೆ, ಕಾಲು ಆಡಿಸುತ್ತಿರುವಂತೆ ಅನಿಸುತ್ತಿತ್ತು. ಒಳಗೆ ಹೋದರೆ ಬರೀ ಕಟ್ಟೆ. ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಗೋಡೆಯಾಚೆ ನಮ್ಮ ಒಲೆ ಇತ್ತಲ್ಲ, ಅದರ ಬಿಸಿ ಎಂದು ನನಗೆ ನಾನೇ ಹೇಳಿಕೊಂಡೆ. ಅವ್ವ ಇನ್ನೂ ಒಲೆ ಹಚ್ಚಿರುತ್ತಿರಲಿಲ್ಲ.

ಎಲ್ಲ ಆಯಿತು, ಮುಕ್ತಾಯ ಮಾತ್ರ ಆಗಲಿಲ್ಲ.

"ಹಿತ್ತಲ ಬಾಗಿಲು ಎಲ್ಲದ?" ಎಂದು ದಿನವೂ ಕೇಳುತ್ತಿದ್ದ ಅಕ್ಕೋರು ಸ್ಪರ್ಧೆಯ ಹಿಂದಿನ ದಿನವೂ ಕೇಳಿದರು.

"ಇನ್ನಾ ಇಟ್ಟಿಲ್ರಿ."

"ಮನಿ ಕಟ್ಟಿ ಒಳಗ ಸಿಕ್ಕೊಂಡು ಕೂಡ್ತೀಯೇನು? ನಾಳಿ ಸ್ಪರ್ಧಿ ಅದ, ಹುಡುಗಿ!"

ಬೇಕೆಂದೇ ಇಟ್ಟಿರಲಿಲ್ಲ. ಭಾಷಣ ಮುಗಿಸಿದರೆ ಅವಳು ಹೋಗಿಬಿಡುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು. ಮುಗಿಸದಿದ್ದರೆ ಸಾವಿರ ಮಂದಿಯ ಮುಂದೆ ಮಾನ ಹೋಗುತ್ತದೆ. ಅದನ್ನು ಯಾರ ಮುಂದೆ ಹೇಳಲಿ?

ಶಹಾಪುರದ ಸಭಾಂಗಣದಲ್ಲಿ ಮೈಕಿನ ಮುಂದೆ ನಿಂತು ಕಣ್ಣು ಅರೆ ಮುಚ್ಚಿ, ಮನಸ್ಸಿನಲ್ಲೇ ಆ ಮನೆಗೆ ಹೋದೆ. ಬೀಗ ತೆಗೆದೆ. ಪಡಸಾಲೆ ದಾಟಿದೆ, ನಡುಮನೆ ದಾಟಿದೆ, ಮಾತು ನೀರಿನಂತೆ ಹರಿಯಿತು. ಅಡುಗೆಮನೆಗೆ ಕಾಲಿಟ್ಟೆ. ಕಟ್ಟೆಯ ಮೇಲೆ ಮಹಾದೇವಿ ಕುಳಿತಿದ್ದಳು. ಇಷ್ಟು ದಿನ ಅನಿಸಿತ್ತಷ್ಟೇ, ಈಗ ಕಂಡಳು. ಕಣ್ಣು ಇನ್ನೂ ಹಳದಿಯಾಗಿದ್ದವು.

ಜೋಳದ ಮಾತು ಮುಗಿಯಿತು, ಭತ್ತದ ಮಾತು ಮುಗಿಯಿತು. ಮುಂದೆ? ಗಾಬರಿಯಲ್ಲಿ ಹೊರಗೆ ಹೋಗಲು ಬಲಕ್ಕೆ ತಿರುಗಿದೆ. ನಮ್ಮ ಮನೆಯಲ್ಲಿ ಹಿತ್ತಲ ಬಾಗಿಲು ಇದ್ದದ್ದು ಬಲಕ್ಕೇ. ಇಲ್ಲಿ ಬರೀ ಗೋಡೆ. ಮತ್ತೆ ಜೋಳದಿಂದ ಶುರುಮಾಡಿದೆ, ಮತ್ತೆ ಭತ್ತಕ್ಕೆ ಬಂದೆ, ಮತ್ತೆ ಗೋಡೆ. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅಕ್ಕೋರು ಸೆರಗಿನ ತುದಿ ಕಚ್ಚಿ ಕುಳಿತಿದ್ದರು.

"ಹುಚ್ಚಿ, ಆ ಕಡಿ ನಿಮ್ಮ ಮನ್ಯಾಗ. ಇಲ್ಲಿ ಈ ಕಡಿ," ಎಂದಿತು ಎಡಗಿವಿಯ ಹತ್ತಿರದ ದನಿ.

ಎಡಕ್ಕೆ ತಿರುಗಿದೆ. ಅವಳೇ ಚಿಲಕ ತೆಗೆದು ನಿಂತಿದ್ದಳು, ಹೊರಗೆ ಬೆಳಕಿತ್ತು. ನಾನು ಎಂದೂ ಜೋಡಿಸಿರದ ಮಾತು ನನ್ನ ಬಾಯಿಂದ ಬಂತು: "ಗೇಟು ತೆಗೆಯುವವರು ಮುಚ್ಚುವುದನ್ನೂ ಕಲಿಯಬೇಕು. ನೀರನ್ನು ಮುಂದಕ್ಕೆ ಬಿಡದೆ ಹಿಡಿದಿಟ್ಟುಕೊಂಡ ಹೊಲದಲ್ಲಿ ಉಪ್ಪು ಎದ್ದು, ಆ ಹೊಲವೇ ಸವಳಾಗುತ್ತದೆ. ಇಷ್ಟು ತಿಳಿಸಿ ನನ್ನ ಮಾತು ಮುಗಿಸುತ್ತೇನೆ."

ಚಪ್ಪಾಳೆ ಬಂತು, ಒಂದು ಬಹುಮಾನವೂ ಬಂತು. ತಿರುಗಿ ಬರುವಾಗ ಬಸ್ಸಿನಲ್ಲಿ ಅಕ್ಕೋರು ಕೇಳಿದರು: "ಕಡೀ ಮಾತು ಯಾರು ಹೇಳಿಕೊಟ್ರು? ಗೇಟಿನವ್ರ ಮನ್ಯಾಗಿನ ಮಾತು ಅದು. ಎಡಕ್ಕ ಹೊರಳಿ ಯಾರನ್ನ ನೋಡಿದಿ?"

ನಾನು ಕಿಟಕಿಯ ಕಡೆ ಮುಖ ಮಾಡಿದೆ. ಅಕ್ಕೋರು ನನ್ನ ಕೈ ಹಿಡಿದುಕೊಂಡರು, ಅವರ ಕೈ ತಣ್ಣಗಿತ್ತು.

ಆ ಸಂಜೆ ಓಡಿಹೋಗಿ ಬೀಗ ತೆಗೆದೆ. ಒಳಗೆ ಸುಣ್ಣದ ವಾಸನೆ, ಧೂಳಿನ ವಾಸನೆ. ಪಡಸಾಲೆಯಲ್ಲಿ ನಿಂತು ಬೇಕೆಂದೇ ಎಲ್ಲವನ್ನೂ ತಪ್ಪು ತಪ್ಪಾಗಿ ಹೇಳಿದೆ. ಹೊಲ ಮೊದಲು, ಅಣೆಕಟ್ಟು ಕೊನೆಗೆ. ಹಲ್ಲಿ ಕೂಡ ಲೊಚಗುಟ್ಟಲಿಲ್ಲ. ಕಟ್ಟೆ ತಣ್ಣಗಿತ್ತು. ಅದಕ್ಕೆ ಕೆನ್ನೆಯಿಟ್ಟು, ಅವಳು ಸತ್ತ ದಿನವೂ ಅಳದಷ್ಟು ಅತ್ತೆ. ಮುಂದಿನ ವಾರ ಹೊಸಬರು ಬಂದು ಮನೆಗೆ ನೀಲಿ ಬಣ್ಣ ಬಳಿಸಿದರು.

ಈಗ ಯಾದಗಿರಿಯ ಕಾಲೇಜಿನಲ್ಲಿ ಮಕ್ಕಳಿಗೆ ಭಾಷಣ ಜೋಡಿಸುವುದನ್ನು ಕಲಿಸುತ್ತೇನೆ. ಪೀಠಿಕೆ, ವಿಷಯ, ಮುಕ್ತಾಯ ಎಲ್ಲವನ್ನೂ ಅವರ ಫೋನು ಚಿಟಿಕೆ ಹೊಡೆಯುವುದರೊಳಗೆ ಸಾಲಾಗಿಟ್ಟು ಕೊಡುತ್ತದೆ. ಕ್ಯಾಂಪಿನ ಆ ಸಾಲು ಮನೆಗಳನ್ನು ಕೆಡವಿದ್ದಾರೆ. ನಾನೂ ಎಷ್ಟೋ ವೇದಿಕೆ ಏರಿ ಇಳಿದೆ, ಎಲ್ಲಿಯೂ ದಾರಿ ತಪ್ಪಲಿಲ್ಲ. ಮೇಡಂ ಬಹಳ ಚಂದ ಮುಗಿಸ್ತಾರ ಎನ್ನುತ್ತಾರೆ ಜನ. ಆ ದಿನದ ಭಾಷಣ ಇಂದಿಗೂ ಒಂದಕ್ಷರ ತಪ್ಪದೆ ಬಾಯಿಗೆ ಬರುತ್ತದೆ. ಮಹಾದೇವಿಯ ದನಿ ಹೇಗಿತ್ತು ಎಂಬುದು ಮಾತ್ರ, ಎಷ್ಟು ಹೊತ್ತು ಕಣ್ಣು ಮುಚ್ಚಿ ಕುಳಿತರೂ, ನನಗೆ ನೆನಪಾಗುವುದಿಲ್ಲ.