ಬೆಳ್ತಿಗೆ ಅನ್ನ ಬಡಿಸಿದ ಹಾಸ್ಟೆಲ್

ಮಗನಿಗೆ ಶಾಲೆ ನೋಡಲೆಂದು ಇವತ್ತು ಕಾರ್ಕಳದ ಹತ್ತಿರದ ಗಂಡುಮಕ್ಕಳ ಹಾಸ್ಟೆಲಿಗೆ ಹೋಗಿದ್ದೆವು. ಅಡುಗೆಮನೆಯಿಂದ ಕುಚ್ಚಲಕ್ಕಿ ಬೇಯುವ ಪರಿಮಳ ತೇಲಿಬಂತು. ಆ ಹಬೆಯಲ್ಲೇ ನನ್ನ ವಯಸ್ಸು ಮೆಲ್ಲಗೆ ಹತ್ತಕ್ಕೆ ಇಳಿಯಿತು.

ಆಗ ನನ್ನನ್ನು ಸೇರಿಸಲೆಂದು ಅಪ್ಪ, ಅಜ್ಜಿ ಕರೆದೊಯ್ದದ್ದೂ ಇಂಥದೇ ಹಾಸ್ಟೆಲಿನ ಹಳೆಯ ಶಾಲೆಗೆ. ಉದ್ದನೆಯ ಜಗಲಿ, ಹಗ್ಗದ ಮೇಲೆ ಸಾಲಾಗಿ ತೂಗುವ ಖಾಕಿ ಚಡ್ಡಿಗಳು. ಅಪ್ಪನ ಕಣ್ಣು ಫಲಿತಾಂಶದ ಮೇಲೆ, ಅಜ್ಜಿಯದು ಫಲಾಹಾರದ ಮೇಲೆ. ಮನೆ ಬಿಟ್ಟಿರಲಾರದ ನಾನು ಅಜ್ಜಿಯ ಸೆರಗನ್ನೂ ಬಿಟ್ಟಿರಲಿಲ್ಲ.

"ಮಕ್ಕಳು ಉಣ್ಣುವುದನ್ನೇ ನನಗೂ ಬಡಿಸಿ," ಎಂದರು ಅಜ್ಜಿ. ವಾರ್ಡನರಿಗೆ ಮನಸ್ಸು ಬರಲಿಲ್ಲ. ದಿನದ ಊಟಕ್ಕೆ ಹೊಟ್ಟೆ ಗಟ್ಟಿ ನಿಲ್ಲಿಸುವ ಕುಚ್ಚಲಕ್ಕಿಯಾದರೂ, ನೆಂಟರಿಗೆ ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ ಬಡಿಸುವುದೇ ನಮ್ಮ ಕಡೆಯ ಮರ್ಯಾದೆ. ಮಲ್ಲಿಗೆಯಂಥ ಅನ್ನ ಎಲೆಗೆ ಬಿತ್ತು.

ಅಜ್ಜಿ ಅಗುಳು ಹಿಸುಕಿ ನೋಡಿ ಅಪ್ಪನ ಕಡೆ ತಿರುಗಿದರು. "ದಿನಾ ಬೆಳ್ತಿಗೆಯಾ? ಇದು ತಿಂದರೆ ಹುಡುಗನ ಹೊಟ್ಟೆ ಎರಡು ಗಂಟೆ ನಿಲ್ಲಲಿಕ್ಕಿಲ್ಲ ಮಾರಾಯ. ನಡಿ!"

"ಅಮ್ಮಾ, ಇಲ್ಲಿಯ ಮಕ್ಕಳ ಮಾರ್ಕು ನೋಡಿ..."

"ಮಾರ್ಕನ್ನು ಗಂಜಿಗೆ ನೆಂಚಿಕೊಳ್ಳಲಿಕ್ಕೆ ಆಗ್ತದಾ?"

ಕೈ ತೊಳೆಯಲು ಹೋದಾಗ ನಾನು ಹಿಂದಿನ ಒಲೆಯ ಮೇಲೆ ಮಕ್ಕಳಿಗೆಂದು ಹಂಡೆ ತುಂಬ ಕುಚ್ಚಲಕ್ಕಿ ಕುದಿಯುವುದನ್ನು ಕಂಡಿದ್ದೆ.

"ಒಳಗೆ ಎಂತ ಉಂಟು ಮಗ?" ಅಜ್ಜಿ ಕೇಳಿದರು.

"ಎಂತದೂ ಇಲ್ಲ ಅಜ್ಜಿ," ಎಂದೆ. ಅಂದು ಸಂಜೆಯೇ ಮನೆ ಸೇರಿದೆವು.

ಇವತ್ತು ಮಗನನ್ನು ಕೇಳಿದೆ: "ಎಂತ, ಸೇರ್ತೀಯಾ?"

"ನೀವು ಹೇಳಿದ ಹಾಗೆ ಅಪ್ಪ," ಎಂದು ಅವನು ನೆಲ ನೋಡಿದ.

ವಾರ್ಡನರು ಅರ್ಜಿ ಮುಂದೆ ಚಾಚಿದರು. "ಪೆನ್ನು ತಂದಿಲ್ಲ, ಇನ್ನೊಂದು ದಿನ ಬರ್ತೇವೆ," ಎಂದೆ. ನನ್ನ ಅಂಗಿಯ ಕಿಸೆಯಿಂದ ಎರಡು ಪೆನ್ನುಗಳು ಇಣುಕುತ್ತಿದ್ದವು.