ಎರಡನೆಯ ಸಹಿ

ಹೋದ ವಾರ ಮನೆ ಬದಲಿಸುವಾಗ ಡ್ರಾಯರಿನ ಮೂಲೆಯಲ್ಲಿ ಒಂದು ಕಪ್ಪು ಬಿಲ್ಲೆ ಸಿಕ್ಕಿತು. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಕೂರಿಸಿದ ಉಗುರಿನಷ್ಟು ಉಕ್ಕು, ಒಂದು ಮುಖ ಕನ್ನಡಿಯಂತೆ ಉಜ್ಜಿದ್ದು. ಸೂಕ್ಷ್ಮದರ್ಶಕದಡಿ ಇಡುವ ಮೊದಲು ಉಕ್ಕನ್ನು ಹೀಗೆ ಉಜ್ಜಬೇಕು. ಅದನ್ನು ನನಗೆ ಕಲಿಸಿದವರು ನನ್ನ ಮೊದಲ ಕೆಲಸದ ಹಿರಿಯ ಸಹೋದ್ಯೋಗಿ...

ಸ್ವೀಡನ್ನಿನ ಲುಲೆಯೊದಲ್ಲಿ ಓದು ಮುಗಿಸಿ, ಎರಡು ಸಾವಿರದ ಆರರ ಚಳಿಗಾಲದಲ್ಲಿ, ಸ್ಯಾಂಡ್‌ವಿಕೆನ್ ಬಳಿಯ ಒಂದು ಸಣ್ಣ ಡ್ರಿಲ್ ಬಿಟ್ ಕಾರ್ಖಾನೆಯ ಲ್ಯಾಬಿಗೆ ಸೇರಿದ್ದೆ. ಮೊದಲ ದಿನವೇ ಅವರು ನನ್ನ ಹೆಸರಿನ ಬಿಲ್ಲೆ ಓದಿ, "ಯಾವೂರಮ್ಮ?" ಎಂದು ಕನ್ನಡದಲ್ಲಿ ಕೇಳಿದರು. ನಾನು ಮೈಸೂರು ಅಂದೆ. ಅವರದು ಭದ್ರಾವತಿ; ಅವರ ತಂದೆ ಅಲ್ಲಿನ ಕುಲುಮೆಯಲ್ಲಿ ದುಡಿದವರು. ಕಾರ್ಖಾನೆಯಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ನೀನೂ ಹಾಗೇ ಕರಿ ಅಂದರು. ನನ್ನ ನಾಲಿಗೆ ಏಳಲಿಲ್ಲ, ಸರ್ ಎಂದೇ ಕರೆದೆ.

ಹೆಂಡತಿಯ ಜೊತೆ ಅವರು ಉರ್ದು ಆಡುತ್ತಿದ್ದರು, ಮಗಳ ಜೊತೆ ಸ್ವೀಡಿಷ್. ಕನ್ನಡಕ್ಕೆ ನಾನೊಬ್ಬಳೇ ಇದ್ದೆ. ಫಿಕಾ ಎಂದು ಕರೆಯುವ ಬಿಡುವಿನ ಹೊತ್ತಿಗೆ ಕಾಫಿ ಹಿಡಿದು ಕಿಟಕಿಯ ಪಕ್ಕ ಕೂತರೆ ಭದ್ರಾವತಿಯ ಪಾಳಿಯ ಸೈರನ್ನು, ಹೊಳೆ, ಇಳಿಸಂಜೆಗೆ ಕೆಂಪಾಗುತ್ತಿದ್ದ ಆಕಾಶ... ಮಾತು ನಿಲ್ಲುತ್ತಿರಲಿಲ್ಲ.

ಪ್ರತಿ ವರದಿಗೂ ಎರಡು ಸಹಿ ಬೇಕಿತ್ತು: ಪರೀಕ್ಷೆ ಮಾಡಿದವರದು, ಮತ್ತೆ ನೋಡಿದವರದು. ಮೊದಲೆರಡು ತಿಂಗಳು ಅವರು ನನ್ನ ಒಂದೊಂದು ಅಳತೆಯನ್ನೂ ಮತ್ತೆ ನೋಡಿದರು. ಆಮೇಲೆ ನಿನ್ನ ಕೈ ಕೂತಿದೆ ಎಂದು ಹೇಳಿ, ನೋಡದೆಯೇ ಸಹಿ ಹಾಕತೊಡಗಿದರು.

ಒಂದು ಗುರುವಾರ ಮಧ್ಯಾಹ್ನ ಮಾದರಿಗಳನ್ನು ಕಪಾಟಿಗೆ ಜೋಡಿಸುವಾಗ ನನ್ನ ತಪ್ಪು ಕಣ್ಣಿಗೆ ಬಿತ್ತು. ಎರಡು ಬಿಲ್ಲೆಗಳ ನಂಬರು ಅದಲುಬದಲಾಗಿತ್ತು. ಗಡಸುತನ ಸಾಕಷ್ಟಿಲ್ಲದ ಬ್ಯಾಚನ್ನು ನಾನು ಪಾಸು ಮಾಡಿದ್ದೆ. ಮಾಲು ಮರುದಿನ ಹೊರಡುವುದಿತ್ತು. ಸದ್ದಿಲ್ಲದೆ ಇನ್ನೊಮ್ಮೆ ಪರೀಕ್ಷೆ ಮಾಡಿ ಕಾಗದ ಬದಲಿಸಿಬಿಡೋಣವೇ ಎಂದು ಅವರನ್ನು ಕೇಳಿದೆ. ಅವರು ಬೈಯಲಿಲ್ಲ. ಮೊದಲು ಪ್ಯಾಕಿಂಗಿಗೆ ಫೋನ್ ಮಾಡಿ ಮಾಲು ನಿಲ್ಲಿಸಿದರು.

"ಬರೆದಿದ್ದನ್ನ ತಿದ್ದೋದು ಬೇಡಮ್ಮ. ನಾಳೆ ಮೀಟಿಂಗಲ್ಲಿ ನೀನೇ ಹೇಳು. ನಾನು ಪಕ್ಕದಲ್ಲೇ ಇರ್ತೀನಿ."

"ನಂದಿನ್ನೂ ಪ್ರೊಬೇಷನ್ ಸರ್. ಕೆಲಸ ಹೋದ್ರೆ ಇಲ್ಲಿರೋ ಪರ್ಮಿಟ್ಟೂ ಹೋಗುತ್ತೆ."

"ಗೊತ್ತು," ಅಂದರು.

ಬೆಳಿಗ್ಗೆ ನನ್ನ ಮುರುಕು ಸ್ವೀಡಿಷ್‌ನಲ್ಲಿ ಎಲ್ಲ ಹೇಳಿದೆ. ಯಾರೂ ದನಿ ಏರಿಸಲಿಲ್ಲ. ಮ್ಯಾನೇಜರ್ ವರದಿಯನ್ನು ತಿರುವಿ, ಎರಡನೆಯ ಸಹಿ ಯಾರದು ಎಂದು ಕೇಳಿದರು. ಆಗಲೇ ನನಗೆ ಹೊಳೆದದ್ದು... ಹಿಂದಿನ ದಿನ ನನ್ನದೇ ಭಯದಲ್ಲಿ ಸರ್ ಅವರ ಸಹಿ ನನಗೆ ಕಂಡೇ ಇರಲಿಲ್ಲ. ಅವರಿಗೆ ಕಂಡಿತ್ತು. "ನನ್ನದು, ನೋಡದೆ ಹಾಕಿದೆ," ಎಂದು ಅವರು ನೆಟ್ಟಗೆ ಕೂತು ಹೇಳಿದರು. ಮ್ಯಾನೇಜರ್ ಅದನ್ನು ಬರೆದುಕೊಂಡರು. ಬ್ಯಾಚು ಮತ್ತೆ ಕುಲುಮೆಗೆ ಹೋಯಿತು.

ನನ್ನ ಕೆಲಸ ಕಾಯಂ ಆಯಿತು. ಆ ಬೇಸಿಗೆಯಲ್ಲಿ ಲ್ಯಾಬಿನ ಮುಖ್ಯಸ್ಥರ ಜಾಗ ತೆರವಾಯಿತು. ಅದು ಅವರಿಗೇ ಎಂದು ಎಲ್ಲರೂ ಅಂದುಕೊಂಡಿದ್ದೆವು. ಬಂದವನು ಹೊರಗಿನವ, ಅವರಿಗಿಂತ ಕಿರಿಯ. ಕಪಾಟಿನ ಬೀಗದ ಕೈಗಳನ್ನು ಅವನಿಗೆ ಒಂದೊಂದಾಗಿ ತೋರಿಸಿಕೊಟ್ಟವರು ಇವರೇ. ಆ ಸಹಿಯಿಂದಲೇ ಹೀಗಾಯಿತೋ ಏನೋ, ನನಗೆ ಇವತ್ತಿಗೂ ತಿಳಿಯದು. ಕೇಳಬೇಕು ಎಂದು ಎಷ್ಟೋ ಸಲ ಬಾಯಿ ತೆರೆದೆ. ಅವರು ಬೇರೇನೋ ಮಾತು ತೆಗೆಯುತ್ತಿದ್ದರು. ಮುಂದೆ ನಾನು ಗೋಥೆನ್‌ಬರ್ಗಿಗೆ ಬಂದೆ. ಫೋನು ಹಬ್ಬಕ್ಕೊಮ್ಮೆ ಆಯಿತು, ಆಮೇಲೆ ಅದೂ...

ಈ ಚಳಿಗಾಲ ಅವರು ತೀರಿಕೊಂಡರು. ಮೊನ್ನೆ ಅವರ ಮಗಳು ವಿಳಾಸ ಹುಡುಕಿಕೊಂಡು ಬಂದಿದ್ದಳು. ಹಳೆಯ ಆ ಮೀಟಿಂಗಿನ ಕತೆಯನ್ನು ಸ್ವೀಡಿಷ್‌ನಲ್ಲಿ ಹೇಳಿದೆ. ಅವಳಿಗೆ ಅದು ಗೊತ್ತೇ ಇರಲಿಲ್ಲ. ತನ್ನ ಅಬ್ಬಾ ಕನ್ನಡ ಮಾತಾಡಿದ್ದನ್ನು ತಾನು ಸರಿಯಾಗಿ ಕೇಳಿಯೇ ಇಲ್ಲ, ಹೇಗೆ ಮಾತಾಡುತ್ತಿದ್ದರು, ಸ್ವಲ್ಪ ತೋರಿಸುತ್ತೀರಾ ಎಂದಳು. ಅವರ ನಾಲ್ಕಾರು ಮಾತುಗಳನ್ನು ಅವರಂತೆಯೇ ಆಡಲು ನೋಡಿದೆ. ಬಂದದ್ದು ನನ್ನ ಮೈಸೂರಿನ ಕನ್ನಡ. ಅವಳು ಕಣ್ಣು ಮುಚ್ಚಿ ಕೇಳುತ್ತ ಕೂತಿದ್ದಳು. ವ್ಯತ್ಯಾಸ ಅವಳಿಗೆ ತಿಳಿಯುವಂತಿರಲಿಲ್ಲ, ನಾನೂ ಹೇಳಲಿಲ್ಲ.