ಆಯಿಯ ದವಡೆ

ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಎಲುಬಿನ ಪಾಠ ಬಂದಾಗ ಹುಡುಗರು ಕೇಳುವುದು ಒಂದೇ ಪ್ರಶ್ನೆ, ಎತ್ತರ ಯಾವ ವಯಸ್ಸಿನವರೆಗೆ ಬೆಳೆಯುತ್ತದೆ ಅಂತ. ದವಡೆಯ ಬಗ್ಗೆ ಯಾರೂ ಕೇಳುವುದಿಲ್ಲ. ನಾನೇ ಹೇಳುತ್ತೇನೆ. ಮೈಯ ಎತ್ತರ ನಿಂತ ಮೇಲೂ ಕೆಳದವಡೆ ಇನ್ನಷ್ಟು ಕಾಲ ಬೆಳೆಯುತ್ತಲೇ ಇರುತ್ತದೆ. ಹುಡುಗರಿಗೆ ಇಪ್ಪತ್ತರ ಆಚೆಗೂ ಹೋಗಬಹುದು, ಹುಡುಗಿಯರಿಗೆ ಸಾಮಾನ್ಯವಾಗಿ ಮೊದಲೇ ನಿಲ್ಲುತ್ತದೆ, ಆದರೆ ಕೆಲವು ಮನೆತನದ ದವಡೆಗಳು ಈ ಪುಸ್ತಕ ಓದಿರುವುದಿಲ್ಲ. ಹಿಂದಿನ ಬೆಂಚಿನವರು ನನ್ನ ಮುಖ ನೋಡಿ ನಗು ನುಂಗುತ್ತಾರೆ. ನುಂಗಲಿ. ಉದಾಹರಣೆಯೇ ಎದುರಿಗೆ ನಿಂತಿರುವಾಗ ಬೋರ್ಡಿನ ಮೇಲೆ ಚಿತ್ರ ಬಿಡಿಸುವ ತೊಂದರೆ ನನಗಿಲ್ಲ.

ಈ ದವಡೆ ನನ್ನ ಆಯಿಯದು, ಅಂದರೆ ಅಪ್ಪನ ತಾಯಿಯದು. ಸವದತ್ತಿ ತಾಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಮನೆ. ಹೊಲ ಸಾಕಷ್ಟಿತ್ತು, ಆಳುಗಳಿದ್ದರು, ಮತ್ತು ಎಲ್ಲರ ಮೇಲೆ ಆಯಿ ಇದ್ದಳು. ಆಯಿ ಬೈಯುವವಳಲ್ಲ. ಬೈದಿದ್ದರೆ ಪಾಡಿತ್ತು, ಅವ್ವ ತಿರುಗಿ ಒಂದು ಮಾತಾದರೂ ಆಡುತ್ತಿದ್ದಳೇನೋ. ಸಿಟ್ಟು ಬಂದರೆ ಆಯಿ ಬಾಯಿ ಮುಚ್ಚಿ, ಕೆಳದವಡೆಯನ್ನು ಮುಂದೆ ತಂದು, ನಡುಮನೆಯ ಕಂಬಕ್ಕೆ ಒರಗಿ ಸುಮ್ಮನೆ ಕೂಡುತ್ತಿದ್ದಳು. ಅಷ್ಟೇ. ಅವ್ವ ಮಾಡುತ್ತಿದ್ದ ಕೆಲಸ ಬಿಟ್ಟು ಬಂದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗೋಡೆಗೆ ಅಂಟಿ ನಿಂತು, ತಪ್ಪಾಯಿತು ಅನ್ನುತ್ತಿದ್ದಳು. ಏನು ತಪ್ಪು ಅನ್ನುವುದು ಎಷ್ಟೋ ಸಲ ಅವಳಿಗೇ ಗೊತ್ತಿರುತ್ತಿರಲಿಲ್ಲ.

ಅವ್ವನ ತವರು ಕಟಕೋಳ. ದೂರವೇನೂ ಅಲ್ಲ, ಬಸ್ಸಿನಲ್ಲಿ ಕೂತರೆ ಒಂದು ನಿದ್ದೆಯಾಗುವುದರೊಳಗೆ ಬರುತ್ತದೆ. ಆದರೂ ಪಂಚಮಿಗೆ ಕರೆಯಲು ಬಂದ ಸೋದರಮಾವನನ್ನು ಆಯಿ ಎಷ್ಟೋ ವರ್ಷ ಚಹಾ ಕುಡಿಸಿ ಹಾಗೇ ತಿರುಗಿ ಕಳಿಸಿದ್ದಳು. ಅದನ್ನೂ ಬಿಡಿ. ನನಗೆ ಒಂಬತ್ತು ವರ್ಷವಿದ್ದಾಗ ಒಂದು ಬೆಳಿಗ್ಗೆ ಕಟಕೋಳದಿಂದ ಸುದ್ದಿ ಬಂತು, ಅವ್ವನ ತಂದೆಗೆ ಬಹಳ ಜಡ್ಡಾಗಿದೆ, ನಿಂತ ಕಾಲ ಮೇಲೆ ಹೊರಟು ಬರಬೇಕು ಅಂತ. ಅವತ್ತು ಹೊಲದಲ್ಲಿ ಕಸ ತೆಗೆಯುವ ಆಳುಗಳಿದ್ದರು. ಅವರ ರೊಟ್ಟಿ ಬಡಿದಿಟ್ಟು ಹೋಗಲಿ ಅಂದಳು ಆಯಿ. ಅಪ್ಪ ಅಲ್ಲೇ ಇದ್ದ, ಚಪ್ಪಲಿ ಮೆಟ್ಟಿಕೊಂಡು ಹೊಲಕ್ಕೆ ಹೋದ. ಅವ್ವ ಬಡಿದಳು. ನಾನು ಒಲೆಗೆ ಕಟ್ಟಿಗೆ ಸರಿಸುತ್ತಾ ಕೂತಿದ್ದೆ. ಒಂದು ರೊಟ್ಟಿಯೂ ಹರಿಯಲಿಲ್ಲ, ಒಂದೂ ಸೀಯಲಿಲ್ಲ. ಸಂಜೆಯ ಬಸ್ಸಿಗೆ ನಾವು ಕಟಕೋಳ ಮುಟ್ಟುವಷ್ಟರಲ್ಲಿ ಅಜ್ಜನ ಮಣ್ಣಾಗಿತ್ತು, ಜನ ಕೈಕಾಲು ತೊಳೆದುಕೊಂಡು ಮನೆಗೆ ಹೋಗುತ್ತಿದ್ದರು.

ನನಗೆ ಹದಿನಾಲ್ಕಾದಾಗ ಆಯಿ ಸತ್ತಳು. ಸತ್ತವರ ಬಾಯಿ ತೆರೆದುಕೊಳ್ಳಬಾರದೆಂದು ಗದ್ದದ ಕೆಳಗಿಂದ ನೆತ್ತಿಯವರೆಗೆ ಬಟ್ಟೆ ಕಟ್ಟುತ್ತಾರಲ್ಲ, ಅದನ್ನು ಕಟ್ಟಿದವಳು ಅವ್ವ. ಪಕ್ಕದ ಮನೆಯ ಮುದುಕಿ, ಅಷ್ಟು ಬಿಗಿ ಬೇಡ ಅಂತ ಮೆಲ್ಲಗೆ ಹೇಳಿದಳು. ಅವ್ವ ಕೇಳಿಸಿಕೊಳ್ಳಲಿಲ್ಲ, ಇನ್ನೊಂದು ಗಂಟು ಹಾಕಿದಳು.

ಆಮೇಲಿನ ಎರಡು ವರ್ಷ ಅವ್ವ ಬದುಕಿದಳು. ಅದಕ್ಕೆ ಬೇರೆ ಮಾತಿಲ್ಲ. ಬಿಸಿ ರೊಟ್ಟಿಯನ್ನು ಒಲೆಯ ಮುಂದೆಯೇ ಕೂತು ತಿಂದಳು. ಓಣಿಯ ಹೆಂಗಸರ ಜೊತೆ ಕಟ್ಟೆಯ ಮೇಲೆ ಕೂತು ದೊಡ್ಡ ದನಿಯಲ್ಲಿ ನಕ್ಕಳು, ಅವಳಿಗೆ ಅಂಥ ನಗು ಇದೆ ಅನ್ನುವುದೇ ನನಗೆ ಆಗ ಗೊತ್ತಾಯಿತು. ಪಂಚಮಿಗೆ ನನ್ನನ್ನೂ ಕರೆದುಕೊಂಡು ಕಟಕೋಳಕ್ಕೆ ಹೋಗಿ, ಜೋಕಾಲಿ ಜೀಕಿ, ಮರುದಿನ ಸೊಂಟ ಹಿಡಿದುಕೊಂಡು ಓಡಾಡಿದಳು. ಬೆಳಿಗ್ಗೆ ನನ್ನ ತಲೆ ಹಿಕ್ಕುವಾಗ ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿ, ಬೈತಲೆ ನೆಟ್ಟಗಿದೆಯೋ ಇಲ್ಲವೋ ನೋಡುತ್ತಿದ್ದಳು. ನೋಡಿ ಮುಗಿದರೂ ಗದ್ದ ಬಿಡುತ್ತಿರಲಿಲ್ಲ.

ಹದಿನಾರು ತುಂಬಿದ ವರ್ಷ, ಒಂದು ಮಧ್ಯಾಹ್ನ, ಅವ್ವ ಮತ್ತು ನಾನು ಪಡಸಾಲೆಯಲ್ಲಿ ಹಳೇ ಸೀರೆಗಳನ್ನು ಹಾಸಿ ಕೌದಿ ಹೊಲೆಯುತ್ತಿದ್ದೆವು. ಒಂದು ಸಾಲು ಮುಗಿಸಿ, ದಾರವನ್ನು ಮುಂದಿನ ಹಲ್ಲಿನಿಂದ ಕಡಿಯಲು ಹೋದೆ. ಕಡಿಯಲಿಲ್ಲ. ಮತ್ತೊಮ್ಮೆ ಕಚ್ಚಿದೆ. ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಮುಟ್ಟುತ್ತಲೇ ಇರಲಿಲ್ಲ, ಕೆಳಗಿನವು ಹೊರಗೆ ನಿಂತಿದ್ದವು. ನಗುತ್ತಾ ದಾರವನ್ನು ಅವ್ವನ ಕಡೆ ಚಾಚಿ, ನೀನೇ ಕಡಿ ಅಂದೆ. ಅವ್ವನ ಕೈ ಅಲ್ಲೇ ನಿಂತಿತು. ಕೌದಿ ಹೊಲೆಯುವಾಗ ಆಯಿ ಹೀಗೆಯೇ ಸೂಜಿದಾರ ಚಾಚುತ್ತಿದ್ದಳು. ಅವಳ ಹಲ್ಲೂ ಒಂದಕ್ಕೊಂದು ಕೂಡುತ್ತಿರಲಿಲ್ಲ, ಇಪ್ಪತ್ತು ವರ್ಷ ಅವಳ ದಾರ ಕಡಿದವಳು ಅವ್ವ. ನನಗೆ ಅದು ನೆನಪಿರಲಿಲ್ಲ. ಅವ್ವ ಮರೆತಿರಲಿಲ್ಲ. ನನ್ನ ಬಾಯಿಯನ್ನು ಬಹಳ ಹೊತ್ತು ನೋಡಿ, ಎದ್ದು ಹೋಗಿ ಕತ್ತರಿ ತಂದುಕೊಟ್ಟಳು.

ಅಲ್ಲಿಂದ ದವಡೆ ನಿಲ್ಲಲಿಲ್ಲ. ಎತ್ತರ ಹದಿನೈದಕ್ಕೇ ಮುಗಿದಿತ್ತು, ಲಂಗದ ಅಂಚು ಬಿಚ್ಚುವ ಕೆಲಸ ಇರಲಿಲ್ಲ. ಗದ್ದ ಮಾತ್ರ ತನ್ನ ಪಾಡಿಗೆ ತಾನು ಮುಂದೆ ಬಂತು. ಓಣಿಯ ಹೆಂಗಸರಿಗೆ ಹಬ್ಬ. ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡುವ ಹಾಗೆ ನನ್ನ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ, "ಹಿರ್ಯಾಕಿ ಹೊಳ್ಳಿ ಬಂದಾಳ ನೋಡ್ರಿ" ಅನ್ನುತ್ತಿದ್ದರು. ನಮ್ಮ ಕಡೆ ಇದು ಹೊಗಳಿಕೆ. ಸತ್ತ ಹಿರಿಯರು ಮನೆಯ ಮೇಲಿನ ಮಾಯೆಗೆ ಮೊಮ್ಮಕ್ಕಳ ಮುಖದಲ್ಲಿ ಬರುತ್ತಾರಂತೆ. ಅಪ್ಪನಿಗಂತೂ ಹಿಡಿಯಲಾರದ ಖುಷಿ. ಅಲ್ಲಿಯವರೆಗೆ ನಾನು ಯಾವ ಇಯತ್ತೆಯಲ್ಲಿ ಓದುತ್ತಿದ್ದೇನೆ ಅಂತ ಗೊತ್ತಿರದ ಮನುಷ್ಯ ನನ್ನ ಎದುರು ಕೂತು ಉಣ್ಣಲು ಶುರು ಮಾಡಿದ. ಕಡಲೆ ಈಗ ಮಾರೋಣವೋ ತಡೆಯೋಣವೋ ಅಂತ ಹದಿನೇಳರ ಹುಡುಗಿಯನ್ನು ಕೇಳುವುದು ಅಂದರೆ! ನನಗೆ ಕಡಲೆಯ ಬಗ್ಗೆ ಏನು ಗೊತ್ತು ಮಣ್ಣು.

ಅವ್ವ ಮಾತ್ರ ಹಿಂದೆ ಸರಿದಳು. ತಲೆ ಹಿಕ್ಕುವುದನ್ನು ಬಿಡಲಿಲ್ಲ, ಬೆನ್ನ ಹಿಂದೆ ಕೂತು ಹಿಕ್ಕಿ, ಹಿಂದಿನಿಂದಲೇ ಎದ್ದು ಹೋಗುತ್ತಿದ್ದಳು. ಊಟಕ್ಕೆ ನೀಡುವಾಗ ತಾಟು ನೋಡುತ್ತಿದ್ದಳು. ನಾನು ಹೆಸರು ಹಿಡಿದು ಕೂಗಿದ ಹಾಗೆ ಜೋರಾಗಿ ಅವ್ವಾ ಅಂದರೂ, ಹೂಂ ಅನ್ನುತ್ತಾ ಬೇರೆ ಎತ್ತಲೋ ನೋಡುವಳು. ನನ್ನಿಂದ ಏನು ತಪ್ಪಾಗಿದೆ ಅಂತ ತಲೆ ಕೆಡಿಸಿಕೊಂಡೆ. ಕನ್ನಡಿಯ ಮುಂದೆ ನಿಂತು ದವಡೆಯನ್ನು ಅಂಗೈಯಿಂದ ಹಿಂದಕ್ಕೆ ಒತ್ತಿದೆ, ಕಣ್ಣಲ್ಲಿ ನೀರು ಬರುವವರೆಗೆ ಒತ್ತಿದೆ. ಎಲುಬು ಹಾಗೆಲ್ಲ ಮಾತು ಕೇಳುವುದಿಲ್ಲ.

ಹದಿನೇಳಕ್ಕೆ ಅವ್ವನೇ ನನ್ನನ್ನು ಬೆಳಗಾವಿಯ ಹಲ್ಲಿನ ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರು ನನಗಿಂತ ಹತ್ತು ವರ್ಷ ದೊಡ್ಡವಳಿದ್ದ ಹೆಣ್ಣುಮಗಳು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ತೋರಿಸಿದರು. ಇದು ರೋಗವಲ್ಲ, ಹುಟ್ಟಿನಿಂದ ಬಂದ ಗುಣ, ಬೇಕೆಂದರೆ ದವಡೆ ಎಲುಬು ಕೊಯ್ದು ಹಿಂದೆ ಸರಿಸಿ ಕೂಡಿಸಬಹುದು, ಬೇಡವೆಂದರೆ ಹೀಗೇ ಇರಬಹುದು ಅಂದರು. ಅವ್ವ ಪಟ್ಟನೆ ಕೇಳಿದಳು, "ಈಗ ಕೊಯ್ದಬಿಡ್ರಲಾ?" ಡಾಕ್ಟರು ತಲೆಯಾಡಿಸಿ, ಇನ್ನೂ ಬೆಳೆಯುತ್ತಿದೆ, ಈಗ ಕೊಯ್ದರೆ ಮತ್ತೆ ಬೆಳೆದು ಮುಂದೆ ಬರುತ್ತದೆ, ಬೆಳೆಯುವುದು ನಿಂತ ಮೇಲೆಯೇ ಮಾಡಬೇಕು, ವರ್ಷಕ್ಕೊಮ್ಮೆ ಬಂದು ತೋರಿಸಿ ಅಂದರು. ಮತ್ತೆ ಬೆಳೆಯುತ್ತದೆ ಅನ್ನುವ ಮಾತಿಗೆ ಅವ್ವ ಕುರ್ಚಿಯ ಕೈ ಹಿಡಿದುಕೊಂಡಳು.

ತಿರುಗಿ ಬರುವಾಗ ಎಂ.ಕೆ. ಹುಬ್ಬಳ್ಳಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ನಮ್ಮ ಬಸ್ಸು ನಿಂತಿತು. ಫ್ಯಾಕ್ಟರಿಯ ಹುಳಿ ವಾಸನೆ ಬಸ್ಸಿನೊಳಗೆಲ್ಲ ತುಂಬಿತ್ತು. ನಾನು ಇನ್ನು ತಡೆಯಲಾರದೆ, ನನ್ನ ಮೇಲೆ ಯಾಕೆ ಸಿಟ್ಟು ಅಂತ ಕೇಳಿಯೇಬಿಟ್ಟೆ. ಅವ್ವ ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು: "ನಿನ್ನ ಮ್ಯಾಲ ಸಿಟ್ಟಿಲ್ಲವ್ವಾ. ನೋಡಾಕ ಆಗವಲ್ದು, ಅಷ್ಟ."

ಸಿಟ್ಟಿದ್ದರೆ ರಮಿಸಬಹುದಿತ್ತು. ನೋಡಲಿಕ್ಕೇ ಆಗುವುದಿಲ್ಲ ಅಂದರೆ ಏನು ಮಾಡಬೇಕು ನಾನು?

ಆ ವರ್ಷ ಪಂಚಮಿಗೆ ಅವ್ವ ಒಬ್ಬಳೇ ಕಟಕೋಳಕ್ಕೆ ಹೋದಳು. ಅಪ್ಪನಿಗೆ ಬೇಯಿಸಿ ಹಾಕಲು ಯಾರಾದರೂ ಬೇಕಲ್ಲ ಅಂತ ನೆಪ ಹೇಳಿದಳು. ನನಗೆ ತಿಳಿಯದೇ? ತಂದೆಯ ಮುಖ ಕಡೆಯ ಸಲ ನೋಡಗೊಡದ ಮುಖವನ್ನು ತಂದೆಯ ಮನೆಗೇ ಹೊತ್ತೊಯ್ಯುವುದು ಅವಳಿಗೆ ಬೇಡವಾಗಿತ್ತು. ಮೂರು ದಿನ ನಾನು ಒಳಗೇ ಕುದಿಯುತ್ತಾ ಕೂತೆ. ಅವಳು ತಿರುಗಿ ಬಂದು ಉಂಡಿಯ ಡಬ್ಬಿ ನನ್ನ ಮುಂದಿಟ್ಟಾಗ, ಆಯಿ ಒರಗುತ್ತಿದ್ದ ಕಂಬದ ಹತ್ತಿರ ಕೂತಿದ್ದೆ. ನಾನೇನು ನಿನ್ನ ಹೊಟ್ಟೆಯಲ್ಲಿ ಹುಟ್ಟಿಲ್ಲವೇ ಅಂತ ಕೇಳಬೇಕು ಅಂದುಕೊಂಡಿದ್ದೆ. ಸಿಟ್ಟಿಗೆ ಬಾಯಿ ಕಟ್ಟಿತು, ದವಡೆ ತಾನಾಗಿ ಮುಂದೆ ಬಂತು. ಅವ್ವ ನನ್ನ ಕಡೆ ನೋಡಿದಳು. ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗೋಡೆಗೆ ಅಂಟಿ ನಿಂತು, "ತಪ್ಪಾತ್ರಿ ಅತ್ತೀ" ಅಂದಳು.

ಅಂದ ಮರುಗಳಿಗೆ ಅವಳಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಅವ್ವ ಸೆರಗು ಇಳಿಸಿ ಒಳಗೆ ಹೋದಳು. ನಾನು ಎದ್ದು ಹೋಗಿ ಅವಳನ್ನು ತಬ್ಬಿಕೊಳ್ಳಬೇಕಿತ್ತು. ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಅಂದುಕೊಂಡಿದ್ದೇನೋ, ಎದ್ದು ಹೋಗಬೇಕಿತ್ತು ಅಂತ. ಹೋಗಲಿಲ್ಲ. ಒಳಗೆಲ್ಲೋ ಒಂದು ನೀಚ ಸಮಾಧಾನ ಆಗುತ್ತಿತ್ತು. ಅವ್ವ ಕೊನೆಗೂ ನನ್ನ ಮುಖ ನೋಡಿದ್ದಳು.

ಮುಂದಿನ ವರ್ಷ ಪಿಯುಸಿ ಮುಗಿಯಿತು. ನನಗೆ ಧಾರವಾಡದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುವ ಆಸೆ. ಅಪ್ಪನದು ಅಡ್ಡಿಯಿರಲಿಲ್ಲ, ಅವನ ಅವ್ವನ ಮುಖ ಕೇಳಿದ್ದಕ್ಕೆ ಅವನು ಯಾವಾಗ ಇಲ್ಲ ಅಂದಿದ್ದಾನೆ. ಅವ್ವ ಬೇಡವೆಂದಳು. ದವಡೆಯ ಆಪರೇಷನ್ ಆಗುವವರೆಗೆ ಬೈಲಹೊಂಗಲಕ್ಕೆ ದಿನಾ ಹೋಗಿ ಬಂದು ಓದಲಿ, ಆಮೇಲೆ ಎಲ್ಲಿಗಾದರೂ ಹೋಗಲಿ ಅಂದಳು. ತಪ್ಪು ಮಾತೇನಲ್ಲ. ನಾನು ವಾದ ಮಾಡಲಿಲ್ಲ, ಅಳಲಿಲ್ಲ. ಹೋಗಿ ಕಂಬಕ್ಕೆ ಒರಗಿ ಕೂತು, ಬಾಯಿ ಮುಚ್ಚಿ, ಬೇಕಂತಲೇ ದವಡೆಯನ್ನು ಮುಂದೆ ತಂದು ಅವ್ವನನ್ನೇ ನೋಡಿದೆ. ಈ ಸಲ ಅದು ತಾನಾಗಿ ಬಂದದ್ದಲ್ಲ. ಒಂದು ತಾಸೂ ಆಗಲಿಲ್ಲ, ಅವ್ವ ನನ್ನ ಬಟ್ಟೆಗಳನ್ನು ಮಡಚಿ ಟ್ರಂಕಿಗೆ ಹಾಕತೊಡಗಿದಳು.

ಒಮ್ಮೆ ರುಚಿ ಹತ್ತಿದ ಮೇಲೆ ಬಿಡುತ್ತಾರೆಯೇ? ರಜೆಗೆ ಬಂದಾಗ ಬೇಗ ತಿರುಗಿ ಹೋಗಲು, ಯಾರೋ ನೋಡಲು ಬರುತ್ತಾರೆಂದರೆ ತಪ್ಪಿಸಲು, ಒಮ್ಮೆ ಬರೀ ಚಹಾ ತಣ್ಣಗಾಗಿದ್ದಕ್ಕೆ. ಹೌದು, ಚಹಾಕ್ಕೂ. ಆಯಿ ಹುಟ್ಟಾ ಹಾಗಿದ್ದಳು, ಅವಳಿಗೆ ಬೇರೆ ಮುಖವೇ ಇರಲಿಲ್ಲ. ನನಗೆ ಇತ್ತು. ಬೇಕಾದಾಗ ಹಾಕಿಕೊಂಡೆ.

ಇಪ್ಪತ್ತಕ್ಕೆ ಬೆಳಗಾವಿಯ ಡಾಕ್ಟರು ಹಳೇ ಎಕ್ಸ್‌ರೇಗಳನ್ನೂ ಹೊಸದನ್ನೂ ಒಟ್ಟಿಗಿಟ್ಟು ನೋಡಿ, ಬೆಳೆಯುವುದು ನಿಂತಿದೆ, ಇನ್ನು ಮಾಡಬಹುದು ಅಂದರು. ದಿನ ಗೊತ್ತಾಯಿತು. ಅವ್ವ ಎಂಟು ದಿನ ಮೊದಲೇ ದವಾಖಾನೆಯ ಚೀಲ ತುಂಬಿದಳು. ಮೆತ್ತಗಿನ ಹಳೇ ಸೀರೆಯ ತುಂಡುಗಳು, ಬಾಯಿ ತೆರೆಯಲಾಗದಿದ್ದರೆ ಗಂಜಿ ಕುಡಿಯಲು ಒಂದು ಸಣ್ಣ ಚಮಚೆ. ಆ ಎಂಟು ದಿನ ಅವಳು ನನ್ನ ಹತ್ತಿರ ಬಂದು ಕೂಡುತ್ತಿದ್ದಳು, ಹಾಡಿನ ದನಿಯಲ್ಲಿ ಮಾತಾಡುತ್ತಿದ್ದಳು. ಅದನ್ನು ನೋಡಿಯೇ ನನ್ನ ಮನಸ್ಸು ಕೆಟ್ಟಿತು. ಎಲುಬು ಕೊಯ್ಯಿಸಿಕೊಂಡು ಬಂದ ಮೇಲೆ ಮಗಳೆನ್ನುವ ತಾಯಿ ನನಗೆ ಬೇಕಾಗಿರಲಿಲ್ಲ. ಇನ್ನೊಂದು ಕಾರಣವೂ ಇತ್ತು, ಮುಚ್ಚಿಡುವುದೇಕೆ, ಆ ದವಡೆಯಿಲ್ಲದೆ ಆ ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಹೊರಡುವ ಬೆಳಿಗ್ಗೆ, ನಾನು ಬರುವುದಿಲ್ಲ ಅಂದೆ.

ಯಾಕೆ ಅಂತ ಕೇಳಿದಳು. ನಾನು ದವಡೆ ಮುಂದೆ ತಂದೆ. ಅವ್ವ ಗೋಡೆಯ ಕಡೆ ಸರಿಯಲಿಲ್ಲ, ಸೆರಗು ಮುಟ್ಟಲಿಲ್ಲ. ನನ್ನ ಎದುರಿಗೇ ಕೂತು, ನಾಲ್ಕು ವರ್ಷದಲ್ಲಿ ಮೊದಲ ಸಲ ಅಂಜದೆ ನನ್ನ ಮುಖವನ್ನು ಪೂರಾ ನೋಡಿದಳು.

"ಅಕೀಗೆ ದವಡಿ ಅಷ್ಟ ಇತ್ತವ್ವಾ," ಅಂದಳು. "ನಾ ಎಷ್ಟ್ ಅಂಜತೇನಿ ಅನ್ನೂದು ಅಕೀಗೆ ಗೊತ್ತಿದ್ದಿಲ್ಲ. ನಿನಗ ಗೊತ್ತೈತಿ."

ಎದ್ದು ಚೀಲದೊಳಗಿನ ಸಾಮಾನುಗಳನ್ನು ಒಂದೊಂದಾಗಿ ತೆಗೆದು ಅವವುಗಳ ಜಾಗಕ್ಕೆ ಇಟ್ಟಳು. ಮತ್ತೆಂದೂ ಬೆಳಗಾವಿಯ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಅವತ್ತಿನಿಂದ ಮನೆಯಲ್ಲಿ ದವಡೆ ಮುಂದೆ ತಂದದ್ದೂ ಇಲ್ಲ, ಆದರೆ ತರದಿದ್ದರೂ ಅದು ಮುಂದೆಯೇ ಇರುತ್ತದಲ್ಲ.

ಈಗ ನನಗೆ ಮೂವತ್ತಾರು. ಅವ್ವ ಅಪ್ಪನ ಜೊತೆ ಊರಲ್ಲಿ ಗಟ್ಟಿಮುಟ್ಟಾಗಿದ್ದಾಳೆ, ಪಂಚಮಿಗೆ ಈಗಲೂ ತಪ್ಪದೆ ಕಟಕೋಳಕ್ಕೆ ಹೋಗುತ್ತಾಳೆ. ಹೋದ ವರ್ಷ ಅವಳಿಗೆ ದೊಡ್ಡ ಪರದೆಯ ಮೊಬೈಲು ಕೊಡಿಸಿ, ವಿಡಿಯೋ ಕಾಲ್ ಬಂದರೆ ಹೇಗೆ ಎತ್ತಬೇಕು ಅಂತ ಎರಡು ದಿನ ಕೂತು ಕಲಿಸಿ ಬಂದೆ. ಚೆನ್ನಾಗಿಯೇ ಕಲಿತಳು, ಕಟಕೋಳದ ಸೋದರಮಾವನ ಜೊತೆ ದಿನಾ ಹಾಗೇ ಮಾತಾಡುತ್ತಾಳಂತೆ. ನಾನು ವಿಡಿಯೋ ಕಾಲ್ ಮಾಡಿದರೆ ಬಡಿದು ಬಡಿದು ನಿಲ್ಲುತ್ತದೆ. ಕಟ್ ಮಾಡಿ ಸಾದಾ ಫೋನ್ ಹಚ್ಚುತ್ತೇನೆ. ಮೊದಲನೇ ರಿಂಗಿಗೇ ಎತ್ತಿ, "ಉಂಡ್ಯೇನವ್ವಾ?" ಅನ್ನುತ್ತಾಳೆ.